ಒಂದೇ ಕೆಲಸ, ಒಂದೇ ಓಡಾಟ: ಅವರು ಆರಾಮ, ನನಗೆ ಮಾತ್ರ ಯಾಕಿಷ್ಟು ಒದ್ದಾಟ?

ಪಕ್ಕದ ಸೀಟಿನವರಿಗೂ ನಿಮ್ಮ ಹಾಗೇ ಕೆಲಸ, ಮನೆ, ಮಕ್ಕಳು. ಆದರೂ ಅವರು ಆರಾಮಾಗಿದ್ದಾರೆ, ನೀವು ಒದ್ದಾಡುತ್ತೀರಿ. ಇದು ಸ್ವಭಾವವಾ, ಬದಲಾಗುತ್ತಾ ಅಂತ ಕೇಳಿದ್ದೀರಿ. ಸ್ವಲ್ಪ ಮಟ್ಟಿಗೆ ಸ್ವಭಾವವೇ. ನಾನೂ ನಿಮ್ಮ ಪೈಕಿಯವನೇ.

ನನ್ನ ಮನೆ ತುಮಕೂರಿನ ಕ್ಯಾತ್ಸಂದ್ರದಲ್ಲಿ. ಕೆಲಸ ಪೀಣ್ಯದ ಒಂದು ಕಾರ್ಖಾನೆಯಲ್ಲಿ. ದಿನಾ ರೈಲು. ನಮ್ಮ ಬೋಗಿಯಲ್ಲಿ ಒಬ್ಬರಿದ್ದಾರೆ, ನನಗಿಂತ ಜವಾಬ್ದಾರಿ ಜಾಸ್ತಿ, ಮನೆಯಲ್ಲಿ ತಂದೆ ಬೇರೆ ಹಾಸಿಗೆ ಹಿಡಿದಿದ್ದಾರೆ. ಸಂಜೆ ಸೀಟು ಸಿಕ್ಕಿದ್ದೇ ತಡ, ಗೊರಕೆ. ನಾನೋ, ಎಕ್ಸ್‌ಪ್ರೆಸ್‌ಗೆ ದಾರಿ ಬಿಡಲು ದೊಡ್ಡಬೆಲೆಯಲ್ಲಿ ಗಾಡಿ ನಿಂತರೆ ಸಾಕು, ಮನೆಯವಳಿಗೆ ಏನು ಹೇಳಲಿ, ನಾಳೆ ಮ್ಯಾನೇಜರಿಗೆ ಏನು ಹೇಳಲಿ ಅಂತ ಎರಡೂ ಕಡೆಯ ಜಗಳ ಒಬ್ಬನೇ ಆಡಿ ಮುಗಿಸಿರುತ್ತೇನೆ.

ಮನಶ್ಶಾಸ್ತ್ರದವರು ಈ ಗುಣಕ್ಕೆ ನ್ಯೂರೋಟಿಸಿಸಂ ಅನ್ನುತ್ತಾರೆ. ಬೇಗ ಕಳವಳಪಡುವ, ಅದನ್ನೇ ಮೆಲುಕು ಹಾಕುವ ಸ್ವಭಾವ. ಇದು ಹೆಚ್ಚಿರುವವರಿಗೆ ಕೆಲಸ-ಮನೆ ತಿಕ್ಕಾಟವೂ ಜಾಸ್ತಿ ಅಂತ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಆದರೆ ನನಗೆ ಕಣ್ಣು ತೆರೆಸಿದ್ದು ಅದಲ್ಲ. ಗ್ರೀನ್‌ಹೌಸ್ ಮತ್ತು ಬ್ಯೂಟೆಲ್ ಅನ್ನುವ ಸಂಶೋಧಕರು 1985ರಲ್ಲೇ ಈ ತಿಕ್ಕಾಟವನ್ನು ಮೂರು ಥರ ಅಂತ ಬಿಡಿಸಿಟ್ಟಿದ್ದರು. ಒಂದು, ಸಮಯ ಸಾಲದೇ ಹೋಗುವುದು. ಇನ್ನೊಂದು, ಒಂದು ಕಡೆಯ ಸುಸ್ತು, ಸಿಟ್ಟು ಇನ್ನೊಂದು ಕಡೆಗೆ ಹೊತ್ತುಕೊಂಡು ಬರುವುದು. ಮೂರನೆಯದು, ಆಫೀಸಿನಲ್ಲಿ ಸರಿಹೋಗುವ ವರ್ತನೆ ಮನೆಯಲ್ಲಿ ಸರಿಹೋಗದಿರುವುದು, ಅಥವಾ ಮನೆಯದು ಆಫೀಸಿನಲ್ಲಿ.

ನನ್ನದು ಬರೀ ಸಮಯದ ಸಮಸ್ಯೆ ಅಂದುಕೊಂಡಿದ್ದೆ. ಒಂದು ರಾತ್ರಿ ಊಟಕ್ಕೆ ಕೂತಿದ್ದೆವು. ತಟ್ಟೆಯಲ್ಲಿ ಮುದ್ದೆ, ಬಸ್ಸಾರು. ಮಗಳಿಗೆ, "ಹೋಮ್‌ವರ್ಕ್ ಎಲ್ಲಿಗೆ ಬಂತು? ಎಷ್ಟೊತ್ತಿಗೆ ಮುಗಿಸ್ತೀಯಾ? ಲೇಟ್ ಯಾಕಾಯ್ತು?" ಅಂದೆ. ಅವಳು ಮುದ್ದೆ ಮುರಿಯುತ್ತಲೇ, "ಅಪ್ಪಾ, ನಾನೇನು ನಿಮ್ಮ ಆಫೀಸಾ?" ಅಂದಳು. ಹೆಂಡತಿ ಸಾರಿನ ಸೌಟು ಹಿಡಿದುಕೊಂಡೇ ನಕ್ಕಳು. ನನಗೆ ನಗು ಬರಲಿಲ್ಲ. ನನ್ನದು ಆ ಮೂರನೆಯದೂ ಹೌದು ಅಂತ ಆಗ ಗೊತ್ತಾಯಿತು.

ಸ್ವಭಾವ ಬದಲಾಯಿಸೋಕೆ ನಾನು ಹೋಗಲಿಲ್ಲ. ಧ್ಯಾನದ ಆ್ಯಪ್ ಹಾಕಿಕೊಂಡಿದ್ದೆ, ನಾಲ್ಕೇ ದಿನ. ನನಗೆ ಆಗಿಬಂದಿದ್ದು ಬಾಯಿಬಿಟ್ಟು ಕೇಳಿದ್ದು. ಸಂಜೆಯ ಮೀಟಿಂಗನ್ನು ಅರ್ಧ ಗಂಟೆ ಮುಂಚೆ ಇಡಿ, ರೈಲು ತಪ್ಪುತ್ತದೆ ಅಂತ ಮ್ಯಾನೇಜರಿಗೆ ಹೇಳಿದೆ. ಹೇಳೋಕೆ ಎರಡು ವರ್ಷ ಹೆದರಿದ್ದೆ. ಅವರು ಅರೆ ನಿಮಿಷದಲ್ಲಿ "ಆಯ್ತಪ್ಪ" ಅಂದರು. ಎಲ್ಲ ಕಡೆ ಹೀಗೇ ಆಗುತ್ತೆ ಅಂತಲ್ಲ. ಶಿಫ್ಟ್ ಕೆಲಸವಾದರೆ ನಿಮ್ಮ ಮೇಲಿನವರ ಕೈಲೂ ಏನೂ ಇರುವುದಿಲ್ಲ. ಆಗ ಸ್ವಭಾವವನ್ನು ಬೈದುಕೊಳ್ಳಬೇಡಿ, ಅದು ಕೆಲಸದ ತಪ್ಪು.

ಇನ್ನೊಂದು, ಡಾಬಸ್‌ಪೇಟೆ ದಾಟಿದರೆ ಆಫೀಸ್ ಫೋನು ಬ್ಯಾಗಿನೊಳಕ್ಕೆ, ಊಟದ ಡಬ್ಬಿಯ ಕೆಳಗೆ. ಮೊನ್ನೆ ಹಿರೇಹಳ್ಳಿಯಲ್ಲಿ ತಡೆಯಲಾರದೆ ಕದ್ದು ತೆಗೆದು ನೋಡಿದೆ. ಯಾರೋ ಗುಂಪಿಗೆ ಗುಡ್ ಈವ್ನಿಂಗ್ ಅಂತ ಗುಲಾಬಿ ಹೂವು ಕಳಿಸಿದ್ದರು.