ಐವತ್ತು ದಾಟಿದ ಮೇಲೆ ಟಚ್ ಪ್ಯಾನೆಲ್‌ನಲ್ಲಿ ಪಾಠ ಮಾಡೋದು ಕಲಿಯಬಹುದಾ?

ಖಂಡಿತ ಕಲಿಯಬಹುದು ಮೇಡಂ. ಶಾಲೆಗೆ ಹೊಸ ಪ್ಯಾನೆಲ್ ಬಂದಿದೆ, ಮುಖ್ಯ ಶಿಕ್ಷಕರು ಬಳಸಿ ಅಂತಿದ್ದಾರೆ, ಮಕ್ಕಳ ಮುಂದೆ ತಡವರಿಸಿದರೆ ಇಷ್ಟು ವರ್ಷ ಉಳಿಸಿಕೊಂಡ ಮರ್ಯಾದೆ ಹೋಗುತ್ತೆ ಅಂತ ನಿದ್ದೆ ಬರುತ್ತಿಲ್ಲ ಎಂದು ಬರೆದಿದ್ದೀರಿ. ನಾನೂ ನಿಮ್ಮ ಹಾಗೆ ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಹೇಳುವವಳು. ನನಗೂ ಆ ಭಯ ಇತ್ತು. ಕಂಪ್ಯೂಟರ್ ಬಳಸಿ ಪಾಠ ಮಾಡೋದಕ್ಕೆ ಶಿಕ್ಷಕರಿಗೆ ಸರ್ಕಾರ ಕೊಟ್ಟ ಟಾಲ್ಪ್ ತರಬೇತಿ ಮುಗಿಸಿ ಬಂದ ಮೇಲೂ ಹೋಗಿರಲಿಲ್ಲ.

ಮನೆಯಲ್ಲಿ ವಿಡಿಯೋ ಕಾಲ್ ಮಾಡುವಾಗ, ಅಂಗಡಿಯಲ್ಲಿ ಫೋನ್‌ಪೇ ಮಾಡುವಾಗ ನಮ್ಮ ಕೈ ನಡುಗುವುದಿಲ್ಲ ಅಲ್ವಾ? ತರಗತಿ ತುಂಬ ಮಕ್ಕಳು ನೋಡುತ್ತಿರುವಾಗ ನಡುಗುತ್ತದೆ. ಅದಕ್ಕೇ ಕಲಿಯುವ ಹೊತ್ತು ಬೇರೆ, ಕಲಿಸುವ ಹೊತ್ತು ಬೇರೆ ಮಾಡಿಕೊಳ್ಳಿ. ಶಾಲೆ ಬಿಟ್ಟ ಮೇಲೆ ಸ್ವಲ್ಪ ಹೊತ್ತು ಪ್ಯಾನೆಲ್ ಮುಂದೆ ಒಬ್ಬರೇ ನಿಲ್ಲಿ. ಅದರಲ್ಲಿ ಇರೋದನ್ನೆಲ್ಲ ಕಲಿಯಲು ಹೋಗಬೇಡಿ. ನಾಳೆಯ ಪಾಠಕ್ಕೆ ಬೇಕಾದ ಒಂದೇ ಒಂದು ಕೆಲಸ ಸಾಕು.

ಗಣಿತದವರಿಗೆ ನಾನು ಮೊದಲು ಹೇಳೋದು ಜಿಯೋಜೀಬ್ರಾ, ಅಂದರೆ ರೇಖಾಗಣಿತದ ಚಿತ್ರ ಬರೆದು ಎಳೆದಾಡಿ ನೋಡುವ ಸಾಫ್ಟ್‌ವೇರ್. 2001ರಲ್ಲಿ ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ನಲ್ಲಿ ಒಬ್ಬ ವಿದ್ಯಾರ್ಥಿ ಶುರು ಮಾಡಿದ್ದು, ನಮಗೆ ಉಚಿತವಾಗಿ ಸಿಗುತ್ತದೆ, ಇನ್‌ಸ್ಟಾಲ್ ಮಾಡಿಕೊಂಡರೆ ನೆಟ್ ಬೇಕಿಲ್ಲ. ಅದರಲ್ಲಿರುವ ಬಟನ್‌ಗಳೆಲ್ಲ ಬಿಂದು, ರೇಖಾಖಂಡ, ವೃತ್ತ, ಕೋನ, ಅಂದರೆ ಇಷ್ಟು ವರ್ಷ ನೀವು ಕಲಿಸಿಕೊಂಡು ಬಂದಿದ್ದೇ. ಅರ್ಧವೃತ್ತದಲ್ಲಿನ ಕೋನ ಲಂಬಕೋನ ಅನ್ನೋದನ್ನೇ ತಗೊಳ್ಳಿ. ಎಬಿ ರೇಖಾಖಂಡ ಎಳೆಯಿರಿ, ಮಧ್ಯಬಿಂದು ಗುರುತಿಸಿ, ಅದನ್ನು ಕೇಂದ್ರ ಮಾಡಿಕೊಂಡು ಎ ಮೂಲಕ ಹೋಗುವ ವೃತ್ತ ಹಾಕಿ, ವೃತ್ತದ ಮೇಲೆ ಸಿ ಇಟ್ಟು ಎರಡೂ ತುದಿಗೆ ಸೇರಿಸಿ. ಆಮೇಲೆ ಕೋನದ ಬಟನ್ ಒತ್ತಿ ಎ, ಸಿ, ಬಿ ಮುಟ್ಟಿ. ಕೆಲವೊಮ್ಮೆ 90 ಬದಲು 270 ಡಿಗ್ರಿ ತೋರಿಸುತ್ತದೆ, ಗಾಬರಿ ಬೇಡ. ಅದು ಕೋನವನ್ನು ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ಅಳೆಯುತ್ತದೆ, ಅಷ್ಟೇ. ಬಿ, ಸಿ, ಎ ಅಂತ ಮುಟ್ಟಿದರೆ ಸರಿಹೋಗುತ್ತದೆ, ಆದರೆ ಸಿ ಅನ್ನು ಎಬಿಯ ಆಚೆ ಬದಿಗೆ ಎಳೆದರೆ ಮತ್ತೆ 270 ಬರುತ್ತದೆ, ಅದಕ್ಕೇ ಆ ಕೋನದ ಸೆಟ್ಟಿಂಗ್‌ನಲ್ಲಿ 0ಯಿಂದ 180ರ ಒಳಗೆ ಅಂತ ಆರಿಸಿಡಿ.

ಹಾಗೆ ಆರಿಸಿಟ್ಟು ಇದನ್ನು ತರಗತಿಯಲ್ಲಿ ತೋರಿಸಿದಾಗ ಸಿ ಬಿಂದುವನ್ನು ಎಳೆಯಲು ಒಬ್ಬ ಹುಡುಗನನ್ನು ಕರೆದೆ. ಬೆರಳಿಟ್ಟು ವೃತ್ತದ ಮೇಲೆಲ್ಲ ಸುತ್ತಿಸಿದ, "ಮಿಸ್, ಏನು ಮಾಡಿದ್ರೂ 90 ಬಿಡ್ತಿಲ್ಲ" ಅಂದ. ಹಿಂದಿನ ಬೆಂಚಿನವರೂ ಎದ್ದು ನಿಂತರು. ಆಮೇಲೆ ಅವನು ಸಿ ಅನ್ನು ಸರಿಯಾಗಿ ಎ ಮೇಲೆ ತಂದು ಕೂರಿಸಿದ, ಕೋನವೇ ಮಾಯ. ಯಾಕೆ ಅಂತ ಕೇಳಿದ. ಎಷ್ಟು ಒಳ್ಳೆ ಪ್ರಶ್ನೆ! ಎರಡು ಬಿಂದು ಒಂದೇ ಆದಾಗ ಸಿಎ ಅನ್ನೋ ಬಾಹುವೇ ಇರಲ್ಲ, ಬಾಹು ಇಲ್ಲದೆ ಕೋನ ಎಲ್ಲಿಂದ ಬರಬೇಕು. ಇದನ್ನು ನಾನು ಚಾಕ್‌ಪೀಸ್ ಹಿಡಿದು ಕರಿಹಲಗೆ ಮೇಲೇ ವಿವರಿಸಿದೆ. ಪ್ಯಾನೆಲ್ ಪ್ರಶ್ನೆ ಹುಟ್ಟಿಸಿತು, ಉತ್ತರಕ್ಕೆ ಮಕ್ಕಳು ನನ್ನ ಮುಖ ನೋಡಿದರು. ನನ್ನ ಭಯ ಹೋಗಿದ್ದು ಆವತ್ತು.

ಇನ್ನು ಸಣ್ಣಪುಟ್ಟ ತೊಂದರೆಗಳು. ಲ್ಯಾಪ್‌ಟಾಪ್ ಜೋಡಿಸಿದಾಗ 'ನೋ ಸಿಗ್ನಲ್' ಬಂದರೆ ರಿಮೋಟ್‌ನಲ್ಲಿ ಸೋರ್ಸ್ ಒತ್ತಿ ಎಚ್‌ಡಿಎಂಐ ಆರಿಸಿ, ಆದರೂ ಬರದಿದ್ದರೆ ಕೀಬೋರ್ಡ್‌ನಲ್ಲಿ ವಿಂಡೋಸ್ ಕೀ ಜೊತೆ ಪಿ ಒತ್ತಿ ಡೂಪ್ಲಿಕೇಟ್ ಅಂತ ಕೊಡಿ. ಪಠ್ಯಪುಸ್ತಕದ ಕ್ಯೂಆರ್ ಕೋಡ್‌ನಿಂದ ಸರ್ಕಾರದ ದೀಕ್ಷಾ ಆ್ಯಪ್‌ನಲ್ಲಿ ಸಿಗುವ ವಿಡಿಯೋಗಳನ್ನು ಹಿಂದಿನ ದಿನವೇ ಡೌನ್‌ಲೋಡ್ ಮಾಡಿಡಿ. ಕರೆಂಟ್ ಹೋದರೆ ಕರಿಹಲಗೆ ಇದ್ದೇ ಇದೆ.

ಯಾರ ಹತ್ತಿರ ಕಲಿಯಬೇಕು ಅನ್ನೋದು ಬಹಳ ಮುಖ್ಯ. "ಕೊಡಿ ಮೇಡಂ, ನಾನು ಮಾಡ್ತೀನಿ" ಅಂತ ಮೌಸ್ ಕಿತ್ಕೊಳ್ಳುವವರು ಬೇಡ. ಕೈ ಕಟ್ಟಿ ಪಕ್ಕದಲ್ಲಿ ನಿಂತು ನಿಮ್ಮ ಕೈಯಲ್ಲೇ ಮಾಡಿಸುವವರನ್ನು ಹುಡುಕಿ, ಅವರು ನಿಮಗಿಂತ ಎಷ್ಟೇ ಚಿಕ್ಕವರಾಗಿರಲಿ. ಹಂತಗಳನ್ನು ನೋಟ್‌ಬುಕ್‌ನಲ್ಲಿ ನಿಮ್ಮ ಮಾತಿನಲ್ಲೇ ಬರೆದುಕೊಳ್ಳಿ.

ನೀವು ಈಗ ಯಾವ ಪಾಠ ಮಾಡುತ್ತಿದ್ದೀರಿ ಅಂತ ಹೇಳಿ ಮೇಡಂ. ಅದಕ್ಕೆ ಹೊಂದುವ ಜಿಯೋಜೀಬ್ರಾ ಫೈಲ್ ನನ್ನ ಹತ್ತಿರ ಇದ್ದರೆ ಕಳಿಸುತ್ತೇನೆ, ಇಲ್ಲದಿದ್ದರೆ ಮಾಡಿಕೊಡುತ್ತೇನೆ.