ಅತಿ ಕಠೋರ ಕಾನೂನಿಗೆ ಇಂಗ್ಲಿಷಿನಲ್ಲಿ ಯಾವ ವಿಶೇಷಣ ಬಳಸಬೇಕು?

ನೀವು ಹುಡುಕುತ್ತಿರುವ ಪದ ‘ಡ್ರಕೋನಿಯನ್’. ಒತ್ತು ‘ಕೋ’ ಮೇಲೆ ಬೀಳಬೇಕು. ಮೊದಲ ಅಕ್ಷರ ‘ಡ್ರ’ ಎಂದರೂ ‘ಡ್ರೇ’ ಎಂದರೂ ಸರಿ.

ಇದರ ಮೂಲ ಪ್ರಾಚೀನ ಗ್ರೀಸಿನ ಅಥೆನ್ಸ್ ನಗರದ ಡ್ರೇಕೋ. ಕ್ರಿ.ಪೂ. 621ರ ಸುಮಾರಿಗೆ ಆ ನಗರಕ್ಕೆ ಮೊದಲ ಬಾರಿ ಲಿಖಿತ ಕಾನೂನು ಕೊಟ್ಟವನು. ಹಣ್ಣು-ತರಕಾರಿ ಕದ್ದವರಿಗೂ ಅದರಲ್ಲಿ ಮರಣದಂಡನೆ ಇತ್ತು ಎಂದು ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆದಿದ್ದಾನೆ. ಮುಂದೆ ಅಥೆನ್ಸಿನ ಇನ್ನೊಬ್ಬ ಶಾಸನಕರ್ತ ಸೋಲನ್ ಬಂದು, ಕೊಲೆಗೆ ಸಂಬಂಧಿಸಿದ ಕಾನೂನುಗಳನ್ನು ಬಿಟ್ಟು ಉಳಿದೆಲ್ಲವನ್ನೂ ರದ್ದು ಮಾಡಿದ. ತಪ್ಪು ಸಣ್ಣದು, ಶಿಕ್ಷೆ ವಿಪರೀತ: ಪದದ ತಿರುಳು ಇಷ್ಟೇ.

ಹಾಗಾಗಿ ಬರೀ ಬಿಗಿಯಾದ ನಿಯಮಕ್ಕೆ ಇದನ್ನು ಬಳಸಬೇಡಿ. ಅದಕ್ಕೆ ‘ಸ್ಟ್ರಿಂಜೆಂಟ್’ ಸಾಕು. ವಿಮಾನದ ಸುರಕ್ಷತಾ ತಪಾಸಣೆ ಸ್ಟ್ರಿಂಜೆಂಟ್. ಐದು ನಿಮಿಷ ತಡವಾಗಿದ್ದಕ್ಕೆ ಕೆಲಸದಿಂದಲೇ ತೆಗೆದುಹಾಕುವ ನಿಯಮ ಡ್ರಕೋನಿಯನ್. ಈ ಪದ ಹಾಕಿದ ಕೂಡಲೇ ‘ಇದು ಅನ್ಯಾಯ’ ಎಂಬ ನಿಮ್ಮ ತೀರ್ಪೂ ವಾಕ್ಯದೊಳಗೆ ಸೇರಿಬಿಡುತ್ತದೆ, ಆದ್ದರಿಂದ ತಟಸ್ಥ ವರದಿಯಲ್ಲಿ ಬೇಡವೇ ಬೇಡ.

‘ಲಾ’, ‘ಮೆಷರ್ಸ್’, ‘ಪನಿಷ್‌ಮೆಂಟ್’ ಇಂಥ ಪದಗಳಿಗೆ ಮೊದಲು ಚೆನ್ನಾಗಿ ಕೂರುತ್ತದೆ. ಕಟ್ಟುನಿಟ್ಟಿನ ಮೇಷ್ಟ್ರನ್ನು ವರ್ಣಿಸಲು ಅಷ್ಟಾಗಿ ಒಗ್ಗುವುದಿಲ್ಲ. ಅವರು ಹಾಕುವ ಶಿಕ್ಷೆ ಅತಿಯಾಗಿದ್ದರೆ ಆ ಶಿಕ್ಷೆಗೆ ಧಾರಾಳವಾಗಿ ಬಳಸಿ.