ಕೋವಿ ನಿಮ್ಮದು ಸರಿ, ಬೀಗದ ಕೈ ಯಾರ ಹತ್ತಿರ?

ಅಪ್ಪ ತೀರಿಕೊಂಡ ಮೇಲೆ ಅವರ ಕೋವಿ ಲೈಸೆನ್ಸ್ ಸಮೇತ ನಿಮ್ಮ ಹೆಸರಿಗೆ ಬಂದಿದೆ, ಮನೆಯಲ್ಲಿ ಎರಡು ಮಕ್ಕಳಿದ್ದಾರೆ, ಅಪ್ಪನ ಹಾಗೆ ತುಂಬಿಸಿಯೇ ಗೋಡೆಗೆ ತೂಗುಹಾಕಿಡಬಹುದಾ ಅಂತ ಕೇಳಿದ್ದೀರಿ. ಉತ್ತರ ಕೊಟ್ಟವರಲ್ಲಿ ಕೆಲವರು "ಬೀಗ ಹಾಕಿದ ಕೋವಿ ಇದ್ದೂ ಇಲ್ಲದ ಹಾಗೆ, ಇಟ್ಟುಕೊಳ್ಳೋದು ನಮ್ಮ ಹಕ್ಕು" ಅಂದರು. ಇನ್ನು ಕೆಲವರು "ಮಕ್ಕಳಿರುವ ಮನೆಗೆ ಕೋವಿಯೇ ಬೇಡ, ಒಪ್ಪಿಸಿಬಿಡಿ" ಅಂದರು. ಆ ಜಗಳದಲ್ಲಿ ನಿಮ್ಮ ಪ್ರಶ್ನೆ ಹಾಗೇ ಉಳಿದುಹೋಗಿದೆ, ಅದಕ್ಕೇ ಉದ್ದವಾಗಿ ಬರೆಯುತ್ತಿದ್ದೇನೆ.

ತುಂಬಿಸಿ ತೂಗುಹಾಕಬೇಡಿ. ಇದರಲ್ಲಿ ಎರಡು ಮಾತಿಲ್ಲ.

ಎಲ್ಲಿ ಇಡೋದು ಅನ್ನೋದಕ್ಕಿಂತ ಮೊದಲು, ಅದು ಈಗ ಖಾಲಿ ಇದೆಯಾ ನೋಡಬೇಕು. ಹಿರಿಯರಿಂದ ಬಂದ ಕೋವಿಯನ್ನು "ಖಾಲಿ ಇರಬೇಕು" ಅಂತ ಯಾವತ್ತೂ ನಂಬಬಾರದು. ಮಕ್ಕಳನ್ನು ಹೊರಗೆ ಕಳಿಸಿ. ನಳಿಗೆಯ ಬಾಯಿ ಜನ ಓಡಾಡದ, ಗುಂಡು ಹಾರಿದರೂ ಮಣ್ಣಿಗೆ ಬೀಳುವ ದಿಕ್ಕಿಗಿರಲಿ. ಬೆರಳು ಟ್ರಿಗರ್‌ನಿಂದ ದೂರ ಇರಲಿ. ಮಡಚುವ ಕೋವಿಯಾದರೆ ಮಡಚಿ, ತೋಟಾ ಇದ್ದರೆ ತೆಗೆದು, ಹಿಂದಿನಿಂದ ನಳಿಗೆಯೊಳಗೆ ಬೆಳಕು ಕಾಣುತ್ತಾ ನೋಡಿ. ಮ್ಯಾಗಜಿನ್ (ತೋಟಾ ತುಂಬಿಡುವ ಡಬ್ಬಿ) ಇರುವ ಬಂದೂಕಾದರೆ ಮೊದಲು ಮ್ಯಾಗಜಿನ್ ಕಳಚಬೇಕು, ಆಮೇಲೆ ಬೋಲ್ಟ್ (ತೋಟಾವನ್ನು ಒಳಗೆ ತಳ್ಳುವ, ಹೊರಗೆ ಎಳೆಯುವ ಅಗುಳಿ) ಎಳೆದು ಒಳಗಿರುವುದನ್ನು ಬೀಳಿಸಬೇಕು. ಈ ಕ್ರಮ ತಿರುವುಮುರುವು ಮಾಡುವುದರಿಂದಲೇ ಎಷ್ಟೋ ಅನಾಹುತ ಆಗಿವೆ. ಮೊದಲು ಬೋಲ್ಟ್ ಎಳೆದರೆ ಒಂದು ತೋಟಾ ಹೊರಗೆ ಹಾರುತ್ತೆ, ಬೋಲ್ಟ್ ಮುಂದೆ ಹೋಗುವಾಗ ಮ್ಯಾಗಜಿನ್ನಿನಿಂದ ಇನ್ನೊಂದು ಒಳಗೆ ಸೇರಿಕೊಳ್ಳುತ್ತೆ. ಆಮೇಲೆ ಮ್ಯಾಗಜಿನ್ ಕಳಚಿದವನು ಖಾಲಿ ಆಯಿತು ಅಂದುಕೊಳ್ಳುತ್ತಾನೆ. ಕಣ್ಣಲ್ಲಿ ನೋಡಿದ ಮೇಲೂ ಕಿರುಬೆರಳು ಹಾಕಿ ತಡವಿ ನೋಡಿ.

ಬಾಯಿಂದ ಮದ್ದು ತುಂಬುವ ಹಳೇ ಕೋವಿಯಾದರೆ ಇನ್ನೂ ಜೋಪಾನ, ಯಾಕೆಂದರೆ ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಕೇಪು (ಮದ್ದಿಗೆ ಕಿಡಿ ಕೊಡುವ ಸಣ್ಣ ಮುಚ್ಚಳ) ಇದ್ದರೆ ಮೊದಲು ಅದನ್ನು ತೆಗೆಯಿರಿ. ಮುಖವನ್ನಾಗಲಿ ಕೈಯನ್ನಾಗಲಿ ನಳಿಗೆಯ ಬಾಯಿಗೆ ಅಡ್ಡ ತರದೆ, ಮದ್ದು ಜಡಿಯುವ ಸಲಾಕೆಯನ್ನು ಪಕ್ಕದಿಂದ ಹಿಡಿದು ನಿಧಾನವಾಗಿ ಒಳಗೆ ಇಳಿಸಿ. ಬಾಯಿಯ ಮಟ್ಟಕ್ಕೆ ಸಲಾಕೆಗೆ ಗುರುತು ಹಾಕಿ, ಹೊರಗೆ ತೆಗೆದು, ನಳಿಗೆಯ ಪಕ್ಕದಲ್ಲಿ ಹೊರಗಿನಿಂದ ಇಟ್ಟು ಅಳೆಯಿರಿ. ಸಲಾಕೆಯ ತುದಿ ಕೇಪು ಕೂರಿಸುವ ಜಾಗದವರೆಗೆ ಬಂದರೆ ಖಾಲಿ. ಎರಡು ಮೂರು ಬೆರಳು ಕಡಿಮೆ ಬಂದರೆ ಒಳಗೆ ಏನೋ ಇದೆ. ಕರಿಮದ್ದು ಒಣಗಿದ್ದರೆ ದಶಕಗಳಾದರೂ ಹೊತ್ತಿಕೊಳ್ಳುತ್ತೆ. ಹೊಡೆದು ಖಾಲಿ ಮಾಡೋಣ ಅಂತ ಹೋಗಬೇಡಿ, ತುಕ್ಕು ಹಿಡಿದ ನಳಿಗೆ ಒಡೆದರೆ ಕೈಯೇ ಹೋಗುತ್ತೆ. ಕೋವಿ ರಿಪೇರಿ ಮಾಡುವವರಿಗೆ ತಿಳಿಸಿ, ಅವರು ತೆಗೆದುಕೊಡುತ್ತಾರೆ.

ಇನ್ನು ಇಡುವ ಜಾಗ. ಗೋಡೆಗೆ ಬೋಲ್ಟ್ ಹಾಕಿ ಬಿಗಿದ ಉಕ್ಕಿನ ಕಪಾಟು. ಗಾಜಿನ ಬಾಗಿಲಿನದು ನೋಡೋಕೆ ಚೆಂದ, ಕೆಲಸಕ್ಕೆ ಬರಲ್ಲ. ತೋಟಾಗಳಿಗೆ ಬೇರೆ ಪೆಟ್ಟಿಗೆ, ಬೇರೆ ಬೀಗ. ಕೋವಿಯನ್ನು ಬಟ್ಟೆ ಅಥವಾ ಚರ್ಮದ ಚೀಲದೊಳಗೇ ಬಿಡಬೇಡಿ, ತೇವ ಹಿಡಿದು ತುಕ್ಕು ಬರುತ್ತೆ. ಕಪಾಟು ತರುವವರೆಗೆ ಟ್ರಿಗರ್ ಬೀಗವಾದರೂ ಇರಲಿ, ಆದರೆ ತುಂಬಿದ ಕೋವಿಗೆ ಅದನ್ನು ಹಾಕಲೇಬಾರದು, ಹಾಕುವಾಗಲೇ ಈಡು ಹಾರಬಹುದು.

ಬೀಗದ ಕೈ ವಿಷಯಕ್ಕೆ ಬನ್ನಿ, ಎಲ್ಲರೂ ಎಡವುವುದು ಇಲ್ಲೇ. "ನಮ್ಮ ಮಕ್ಕಳಿಗೆ ಎಲ್ಲಿಟ್ಟಿದ್ದೇವೆ ಅಂತ ಗೊತ್ತೇ ಇಲ್ಲ" ಅಂತ ಒಬ್ಬರು ಇದೇ ಚರ್ಚೆಯಲ್ಲಿ ಬರೆದಿದ್ದಾರೆ. ಅಮೆರಿಕದಲ್ಲಿ 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ತಂದೆತಾಯಿಯನ್ನೂ ಮಕ್ಕಳನ್ನೂ ಬೇರೆ ಬೇರೆ ಕೂರಿಸಿ ಇದನ್ನೇ ಕೇಳಿದ್ದರು. ಮಕ್ಕಳಿಗೆ ಜಾಗ ಗೊತ್ತಿಲ್ಲ ಅಂದವರಲ್ಲಿ 39% ಜನರ ಮಕ್ಕಳು ಜಾಗ ಗೊತ್ತು ಅಂದರು. ನಮ್ಮ ಮಕ್ಕಳು ಕೋವಿಯನ್ನು ಮುಟ್ಟಿಯೇ ಇಲ್ಲ ಅಂದವರಲ್ಲಿ 22% ಜನರ ಮಕ್ಕಳು ಮುಟ್ಟಿದ್ದೇವೆ ಅಂದರು. ಹಾಗಾಗಿ ಅಟ್ಟದ ಮೇಲೆ, ಹಾಸಿಗೆ ಕೆಳಗೆ ಬಚ್ಚಿಡುವುದನ್ನು ಭದ್ರತೆ ಅಂತ ಲೆಕ್ಕಕ್ಕೆ ಹಿಡಿಯಬೇಡಿ. ಕೀಲಿ ನಿಮ್ಮ ಮೈಮೇಲೇ ಇರಬೇಕು, ಇಲ್ಲವೇ ನಂಬರ್ ಬೀಗ ಇರಬೇಕು. ಆ ನಂಬರ್ ಹುಟ್ಟಿದ ತಾರೀಖು ಆಗಿರಬಾರದು. ಮಕ್ಕಳಿಗೂ ಹೇಳಿಕೊಡಿ: ಎಲ್ಲೇ ಕಂಡರೂ ಮುಟ್ಟಬೇಡ, ಅಲ್ಲಿಂದ ಹೊರಟು ಬಂದು ದೊಡ್ಡವರಿಗೆ ಹೇಳು. ಹೇಳಿಕೊಟ್ಟಿದ್ದೇವೆ ಅಂತ ಬೀಗ ಸಡಿಲ ಬಿಡಬೇಡಿ, ಏಳು ವರ್ಷದ ಮಗುವಿನ ಕುತೂಹಲ ಬುದ್ಧಿಮಾತಿಗಿಂತ ಜೋರು.

ಮಕ್ಕಳ ಬಗ್ಗೆ ಮಾತ್ರ ಕೇಳಿದ್ದೀರಿ. ದೊಡ್ಡವರ ಬಗ್ಗೆಯೂ ಹೇಳಲೇಬೇಕು, ಈ ಚರ್ಚೆಯಲ್ಲಿ ಯಾರೂ ಎತ್ತಲಿಲ್ಲ. ಅಮೆರಿಕದಲ್ಲಿ 2021ರಲ್ಲಿ ಬಂದೂಕಿನಿಂದ 48,830 ಜನ ಸತ್ತರು, ಅವರಲ್ಲಿ 26,328 ಜನರದು ಆತ್ಮಹತ್ಯೆ. ಇಸ್ರೇಲಿನ ಸೇನೆ 2006ರಲ್ಲಿ ಒಂದು ನಿಯಮ ಬದಲಿಸಿತು: ವಾರಾಂತ್ಯದ ರಜೆಗೆ ಹೋಗುವ ಯುವ ಸೈನಿಕರು ಬಂದೂಕು ಮನೆಗೆ ಒಯ್ಯುವಂತಿಲ್ಲ. ಅವರಲ್ಲಿ ಆತ್ಮಹತ್ಯೆ ಸುಮಾರು 40% ಇಳಿಯಿತು. ಇಳಿದದ್ದು ಮುಖ್ಯವಾಗಿ ವಾರಾಂತ್ಯದಲ್ಲಿ, ಉಳಿದ ದಿನಗಳಲ್ಲಿ ಹೆಚ್ಚು ವ್ಯತ್ಯಾಸ ಆಗಲಿಲ್ಲ. ಕೆಟ್ಟ ಗಳಿಗೆ ಬಂದು ಹೋಗುತ್ತೆ, ಆ ಹೊತ್ತಿಗೆ ಕೋವಿ ಕೈಗೆ ಸಿಗದಿದ್ದರೆ ಮನುಷ್ಯ ಉಳಿಯುತ್ತಾನೆ. ಮನೆಯಲ್ಲಿ ಯಾರಾದರೂ ಸಾಲ, ಬೆಳೆ ನಷ್ಟ, ಕುಡಿತ, ಖಿನ್ನತೆಯಲ್ಲಿ ನರಳುತ್ತಿದ್ದರೆ ಅವರ ಜೊತೆ ಕೂತು ಮಾತಾಡಿ, ವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಅಷ್ಟು ದಿನ ಕೋವಿಯನ್ನು ಕಾನೂನು ಒಪ್ಪುವ ಕಡೆ ಠೇವಣಿ ಇಡಿ. ಅದು ನೀವೇ ಆಗಿದ್ದರೂ ಸರಿ, ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಈಗ ಹಕ್ಕಿನ ಮಾತು. ಬೀಗ ಹಾಕಿದರೆ ತುರ್ತಿಗೆ ಸಿಗಲ್ಲ ಅನ್ನುವವರ ವಾದ ತಳ್ಳಿಹಾಕುವಂಥದ್ದಲ್ಲ. ಹಕ್ಕಿನ ಪರ ಮಾತಾಡುವವರು ಎಲ್ಲೆಡೆ ಎತ್ತಿ ತೋರಿಸುವ ಅಮೆರಿಕದ ಸುಪ್ರೀಂ ಕೋರ್ಟಿನ 2008ರ ಹೆಲ್ಲರ್ ತೀರ್ಪು ಇದನ್ನೇ ಒಪ್ಪಿತು: ಮನೆಯಲ್ಲಿರುವ ಬಂದೂಕನ್ನು ಸದಾ ಭಾಗಗಳಾಗಿ ಬಿಚ್ಚಿಟ್ಟಿರಬೇಕು ಇಲ್ಲವೇ ಟ್ರಿಗರ್ ಬೀಗ ಹಾಕಿರಬೇಕು ಅನ್ನುವ ವಾಷಿಂಗ್ಟನ್ ನಗರದ ನಿಯಮ ಆತ್ಮರಕ್ಷಣೆಗೆ ಅಡ್ಡಿ ಅಂತ ಹೊಡೆದುಹಾಕಿತು. ಆದರೆ ಅಪಘಾತ ತಪ್ಪಿಸಲು ಬಂದೂಕು ಇಡುವ ರೀತಿಯ ಬಗ್ಗೆ ಮಾಡುವ ಕಾನೂನುಗಳು ಇದರಿಂದ ಬಿದ್ದುಹೋಗುವುದಿಲ್ಲ ಅಂತ ಅದೇ ತೀರ್ಪು ಹೇಳುತ್ತೆ. ಸ್ವಿಟ್ಜರ್ಲೆಂಡಿನಲ್ಲಿ ಸೇನೆಯ ಬಂದೂಕನ್ನು ಮನೆಯಲ್ಲಿಡುವುದು ಹಳೇ ಪದ್ಧತಿ. ಮನೆಯಲ್ಲಿಡಲು ಕೊಟ್ಟಿದ್ದ ಗುಂಡುಗಳನ್ನು ವಾಪಸ್ ಪಡೆಯಲು 2007ರಲ್ಲಿ ತೀರ್ಮಾನವಾಯಿತು. ಬಂದೂಕುಗಳನ್ನೂ ಶಸ್ತ್ರಾಗಾರಕ್ಕೆ ಸೇರಿಸೋಣವೇ ಅಂತ 2011ರಲ್ಲಿ ಜನಮತ ಕೇಳಿದಾಗ ಜನ ಬೇಡ ಅಂದರು. ಹಕ್ಕು ಬಿಡದೆಯೂ ಅಪಾಯ ತಗ್ಗಿಸಬಹುದು ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಕಂಡಿಲ್ಲ.

ಒಪ್ಪಿಸಿಬಿಡಿ ಅನ್ನುವವರಿಗೂ ಒಂದು ಮಾತು. ಹಂದಿ ಹಿಂಡು ಒಂದೇ ರಾತ್ರಿ ಗದ್ದೆ ಉರುಳಿಸಿ ಹೋದವನಿಗೆ ಕೋವಿ ಒಂದು ಸಲಕರಣೆ, ಅವನ ಅಗತ್ಯವನ್ನು ಹೀಗಳೆದರೆ ಅವನು ಸುರಕ್ಷತೆಯ ಮಾತನ್ನೂ ಕೇಳುವುದಿಲ್ಲ. ಕೋವಿಯ ಸದ್ದಿಗೇ ಪ್ರಾಣಿ ಓಡುತ್ತೆ ಅಂತ ಗಾಳಿಗೆ ಹೊಡೆಯುವವರೂ ಇಲ್ಲಿದ್ದೀರಿ, ದಯವಿಟ್ಟು ನಿಲ್ಲಿಸಿ. ಪಾಯಿಂಟ್ 22 ಅನ್ನುವ ಸಣ್ಣ ಗುಂಡು ಸಹ ಒಂದೂವರೆ ಕಿಲೋಮೀಟರ್ ದೂರ ಹೋಗಬಲ್ಲದು, ಎಲ್ಲಿ ಬೀಳುತ್ತೋ ನಿಮಗೆ ಕಾಣಲ್ಲ. ಯಾವ ಪ್ರಾಣಿಗೆ ಹೊಡೆಯಲು ಅನುಮತಿ ಇದೆ ಅನ್ನುವುದನ್ನು ಲಿಖಿತವಾಗಿ ಕೇಳಿ ತಿಳಿದುಕೊಳ್ಳಿ.

ಅಪ್ಪ ಇಟ್ಟುಹೋದ ಹಳೇ ತೋಟಾ ಸಿಕ್ಕರೆ ಬಳಸಬೇಡಿ, ಕಸಕ್ಕೂ ಬೆಂಕಿಗೂ ಹಾಕಬೇಡಿ, ಲೈಸೆನ್ಸ್ ಇರುವ ಅಂಗಡಿಗೆ ಅಥವಾ ಪೊಲೀಸರಿಗೆ ಒಪ್ಪಿಸಿ. ಕೋವಿ ಮಡಚುವಂಥದ್ದಾ, ಬೋಲ್ಟ್ ಇರುವುದಾ, ಬಾಯಿಂದ ತುಂಬುವುದಾ ಅಂತ ಇಲ್ಲೇ ತಿಳಿಸಿ. ಗೊತ್ತಾಗದಿದ್ದರೆ ನಂಬರ್ ಕಾಣದ ಹಾಗೆ ಒಂದು ಫೋಟೋ ಹಾಕಿ, ಅದನ್ನು ತೆರೆಯುವ ಕ್ರಮ ಬರೆದು ಕಳಿಸುತ್ತೇನೆ. ಯಾವ ಬಗೆಯದು ಅಂತ ಖಚಿತವಾಗುವವರೆಗೆ ಮೇಲೆ ಹೇಳಿದ ಹಾಗೆ ಖಾಲಿ ಮಾಡೋಕಾಗಲಿ, ಗೋಡೆಯಿಂದ ಇಳಿಸೋಕಾಗಲಿ ಹೋಗಬೇಡಿ, ಆ ಕೋಣೆಗೆ ಬೀಗ ಹಾಕಿ.